ಲಿಜ್ ಫೇರ್‌ಗೆ ಬಿದ್ದ ಅಂಕಗಳು

2003ರ ಜೂನ್‌ನಲ್ಲಿ ಅಮೆರಿಕದ ರಾಕ್ ಗಾಯಕಿ ಲಿಜ್ ಫೇರ್ ತಮ್ಮದೇ ಹೆಸರಿಟ್ಟು ನಾಲ್ಕನೆಯ ಆಲ್ಬಮ್ ಹೊರತಂದರು. ‘ಪಿಚ್‌ಫೋರ್ಕ್’ ಜಾಲಪತ್ರಿಕೆ ಅದಕ್ಕೆ ಹತ್ತಕ್ಕೆ 0.0 ಅಂಕ ಕೊಟ್ಟಿತು. ದಶಾಂಶ ಬಿಂದುವಿನ ಆಚೆಗೂ ಸೊನ್ನೆ ಸುತ್ತಿದ ಆ ಶ್ರದ್ಧೆ ನೋಡಿ! ಆ ವಿಮರ್ಶೆ ಬರೆದಿದ್ದ ಮ್ಯಾಟ್ ಲೆಮೇ 2019ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. 2021ರಲ್ಲಿ ಪತ್ರಿಕೆ ತನ್ನ ಹಳೆಯ ಅಂಕಗಳನ್ನು ತಿದ್ದಲು ಕೂತು ಸೊನ್ನೆಯನ್ನು 6.0 ಮಾಡಿತು. ಹದಿನೆಂಟು ವರ್ಷದಲ್ಲಿ ಹಾಡಿನ ಒಂದು ಸ್ವರವೂ ಬದಲಾಗಿರಲಿಲ್ಲ. ಈ ಎಡವಟ್ಟಿನ ಬೇರು ಹುಡುಕಬೇಕಾದದ್ದು 2003ರಲ್ಲಲ್ಲ, ಅದಕ್ಕೂ ಹತ್ತು ವರ್ಷ ಹಿಂದಿನ ಹೊಗಳಿಕೆಯಲ್ಲಿ ಎನ್ನುವುದು ನನ್ನ ವಾದ.

1991ರಲ್ಲಿ ಫೇರ್, ಶಿಕಾಗೋ ಪಕ್ಕದ ವಿನೆಟ್ಕಾದಲ್ಲಿದ್ದ ಹೆತ್ತವರ ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ‘ಗರ್ಲಿ ಸೌಂಡ್’ ಎಂಬ ಹೆಸರಿನಲ್ಲಿ ಹಾಡು ಮುದ್ರಿಸಿ ಗೆಳೆಯರಿಗೆ ಕೊಟ್ಟಿದ್ದರು. ಕ್ಯಾಸೆಟ್‌ಗಳು ನಕಲಾಗುತ್ತ ಕೈಯಿಂದ ಕೈಗೆ ಹೋದವು. 1993ರಲ್ಲಿ ಮ್ಯಾಟಡೋರ್ ಎಂಬ ಸ್ವತಂತ್ರ ಕಂಪನಿಯಿಂದ, ಬ್ರಾಡ್ ವುಡ್ ನಿರ್ಮಾಣದಲ್ಲಿ, ಮೊದಲ ಆಲ್ಬಮ್ ‘ಎಕ್ಸೈಲ್ ಇನ್ ಗೈವಿಲ್’ ಬಂತು. ಗೈವಿಲ್ ಅಂದರೆ ಶಿಕಾಗೋದ ರಾಕ್ ಲೋಕದ ಗಂಡಸರ ಸಾಮ್ರಾಜ್ಯ. ರೋಲಿಂಗ್ ಸ್ಟೋನ್ಸ್ ತಂಡದ 1972ರ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಮ್ಮಿನ ಹದಿನೆಂಟು ಹಾಡಿಗೆ ತನ್ನ ಹದಿನೆಂಟು ಹಾಡು ಎದುರುತ್ತರ ಎಂದು ಫೇರ್ ಹೇಳಿಕೊಂಡರು. ಎಂಥ ಗತ್ತು! ‘ವಿಲೇಜ್ ವಾಯ್ಸ್’ ವಾರಪತ್ರಿಕೆ ದೇಶದ ವಿಮರ್ಶಕರ ಮತ ಪಡೆದು ನಡೆಸುತ್ತಿದ್ದ ವಾರ್ಷಿಕ ಸಮೀಕ್ಷೆಯಲ್ಲಿ ಆ ಸಲ ಈ ಆಲ್ಬಮ್ಮೇ ಮೊದಲು.

ಮೆಚ್ಚಿದವರೆಲ್ಲ ಮೆಚ್ಚಿದ್ದು ಮುಖ್ಯವಾಗಿ ಪ್ರಾಮಾಣಿಕತೆಯನ್ನು. ಹುಡುಗಿಯೊಬ್ಬಳ ದಿನಚರಿ ಕದ್ದು ಓದಿದ ಹಾಗಿದೆ ಎಂಬ ಪುಲಕ ಆ ಹೊಗಳಿಕೆಯ ತಳದಲ್ಲಿತ್ತು. ಹೆಣ್ಣು ‘ನಾನು’ ಎಂದರೆ ಆತ್ಮಕಥೆ, ಗಂಡು ‘ನಾನು’ ಎಂದರೆ ಪಾತ್ರ. ಈ ಚಾಳಿ ನಮ್ಮ ಕಾವ್ಯ ವಿಮರ್ಶೆಗೂ ಹೊಸದಲ್ಲ ಬಿಡಿ. ಆದರೆ ‘ಡಿವೋರ್ಸ್ ಸಾಂಗ್’ ಕೇಳಿ ನೋಡಿ. ಮಧ್ಯಾಹ್ನದಿಂದ ಕಾರು ಓಡಿಸಿ ದಣಿದ ಜೋಡಿ. ರಾತ್ರಿ ಅವಳು ಬೇರೆ ಕೋಣೆ ಕೇಳುತ್ತಾಳೆ. ಅಲ್ಲಿಗೆ ಎಲ್ಲ ಕೆಟ್ಟಿತು. ಲೈಟರ್ ಕದ್ದದ್ದು ನಾನೇ, ನಕ್ಷೆ ಕಳೆದದ್ದೂ ನಾನೇ ಎಂದು ಅವಳು ಸಣ್ಣ ತಪ್ಪುಗಳನ್ನು ಲೆಕ್ಕ ಒಪ್ಪಿಸಿದಂತೆ ಒಪ್ಪಿಕೊಳ್ಳುತ್ತಾಳೆ. ಅದರ ಬೆನ್ನಿಗೇ ಅವನಾಡಿದ ಒಂದು ದೊಡ್ಡ ಮಾತು ಬಂದು ಕೂರುತ್ತದೆ. ಫೇರ್ ದನಿ ತಗ್ಗು ಸ್ಥಾಯಿಯದು. ಆ ಮಾತಿಗೂ ಅದು ಏರುವುದಿಲ್ಲ, ನಡುಗುವುದಿಲ್ಲ. ಕೇಳುವವರ ಹೊಟ್ಟೆಯಲ್ಲಿ ಸಂಕಟವಾಗುವುದೇ ಆ ತಣ್ಣನೆಯ ದನಿಯಿಂದ. ಇದು ಕಥೆಗಾರ್ತಿಯ ಕಸುಬು. ದಿನಚರಿಯಲ್ಲಿ ಇಂಥ ಕಟ್ಟೋಣ ಸಿಗದು.

ಬೈದವರೂ ವ್ಯಕ್ತಿಯನ್ನೇ ನೋಡಿದರು. ನಿರ್ವಾಣ ತಂಡದ ‘ಇನ್ ಯುಟರೋ’ ಮುದ್ರಿಸಿದ ಸ್ಟೀವ್ ಆಲ್ಬಿನಿ 1994ರ ಆರಂಭದಲ್ಲಿ ‘ಶಿಕಾಗೋ ರೀಡರ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಫೇರ್ ಸೇರಿ ಊರಿನ ಮೂರು ಹೆಸರುಗಳನ್ನು, ಅವರನ್ನು ಹೊಗಳಿದ ವಿಮರ್ಶಕನನ್ನು, ಹೊಲಸು ಮಾತಿನಲ್ಲಿ ಜಾಡಿಸಿದ್ದರು. ಆ ಮೂರರಲ್ಲಿ ಉಳಿದೆರಡು ಗಂಡಸರೇ ಮುಂದಾಳಾಗಿದ್ದ ತಂಡಗಳು ಎಂಬುದನ್ನೂ ಹೇಳಬೇಕು.

ಮುಂದಿನ ಎರಡು ಆಲ್ಬಮ್, 1994ರ ‘ವಿಪ್-ಸ್ಮಾರ್ಟ್’ ಮತ್ತು 1998ರ ‘ವೈಟ್‌ಚಾಕೊಲೇಟ್‌ಸ್ಪೇಸ್‌ಎಗ್’, ಮೊದಲನೆಯದರ ನೆರಳಲ್ಲೇ ಬಂದು ಹೋದವು. 1998ರ ಆಲ್ಬಮ್ಮಿನಲ್ಲಿ ಒಳ್ಳೆಯ ಹಾಡುಗಳಿವೆ, ಹೆಸರು ಮಾತ್ರ ಬಾಯಲ್ಲಿ ನಿಲ್ಲದು.

2003ರ ಆಲ್ಬಮ್ ಬಂದದ್ದು ದೊಡ್ಡ ಕಂಪನಿ ಕ್ಯಾಪಿಟಲ್‌ನಿಂದ. ನಾಲ್ಕು ಹಾಡಿಗೆ ‘ದ ಮೇಟ್ರಿಕ್ಸ್’, ಅಂದರೆ ಅವ್ರಿಲ್ ಲವೀನ್ ಎಂಬ ಹದಿಹರೆಯದ ಹುಡುಗಿಯನ್ನು ಜನಪ್ರಿಯಗೊಳಿಸಿದ ನಿರ್ಮಾಪಕರ ಕೂಟ. ‘ವೈ ಕಾಂಟ್ ಐ?’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 32ನೇ ಸ್ಥಾನಕ್ಕೇರಿತು. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮೆಗನ್ ಓ’ರೂರ್ಕ್, ಮೂವತ್ತಾರರ ಗಾಯಕಿ ಹದಿಹರೆಯದವಳಂತೆ ಹಾಡುತ್ತಿದ್ದಾಳೆಂದು ಹೀಗಳೆದರು. ಫೇರ್ ಮಕ್ಕಳ ಕಥೆಯ ಧಾಟಿಯಲ್ಲೊಂದು ಕಾಗದ ಬರೆದು ಪತ್ರಿಕೆಗೆ ಉತ್ತರ ಕೊಟ್ಟರು. ರಾಬರ್ಟ್ ಕ್ರಿಸ್ಟ್‌ಗಾವ್‌ರಂಥ ಹಿರಿಯ ವಿಮರ್ಶಕರು ಆಲ್ಬಮ್ಮನ್ನು ಮೆಚ್ಚಿದ್ದೂ ಉಂಟು, ಆ ಗಲಾಟೆಯಲ್ಲಿ ಅವರ ಮಾತು ಕೇಳಿಸಿಕೊಂಡವರು ಕಡಿಮೆ.

ನನಗೂ ಆ ನಾಲ್ಕು ಹಾಡು ಸೇರುವುದಿಲ್ಲ. ತಗ್ಗು ದನಿಯನ್ನು ಪದರದ ಮೇಲೆ ಪದರ ಹಾಕಿ ಎಷ್ಟು ನುಣುಪು ಮಾಡಿದ್ದಾರೆಂದರೆ ಅದು ಯಾರದಾದರೂ ಆಗಬಹುದಿತ್ತು. ಇದು ಸಂಗೀತದ ಮೇಲಿನ ಆಕ್ಷೇಪ, ವಿಮರ್ಶಕರು ಇಷ್ಟನ್ನು ಬರೆದಿದ್ದರೆ ಸಾಕಿತ್ತು. ಬರೆದದ್ದು ವಯಸ್ಸು, ಉಡುಪು, ದ್ರೋಹದ ವಿಚಾರ. ಹಾಡನ್ನು ದಿನಚರಿ ಎಂದು ನಂಬಿದವರಿಗೆ ಗಾಯಕಿ ವೇಷ ಬದಲಿಸಿದ್ದು ಮೋಸವಾಗಿ ಕಂಡಿತು. ಅದೇ ಆಲ್ಬಮ್ಮಿನ ‘ಲಿಟ್ಲ್ ಡಿಗರ್’ ಅವರ ಕಿವಿಗೆ ಸರಿಯಾಗಿ ಬಿದ್ದಂತಿಲ್ಲ. ಅಪ್ಪ ಬಿಟ್ಟುಹೋದ ಮನೆ, ಅಮ್ಮನ ಹಾಸಿಗೆಯಲ್ಲಿ ಹೊಸ ಗಂಡಸು, ತನ್ನ ಆಟದ ಟ್ರಕ್ಕುಗಳನ್ನು ತಂದು ಅವನ ಪಕ್ಕದಲ್ಲಿಡುವ ಪುಟ್ಟ ಮಗ. ಟ್ರಕ್ಕುಗಳಿಟ್ಟದ್ದು ಪರಿಚಯಕ್ಕೋ ಕಾವಲಿಗೋ, ಅಮ್ಮನಿಗೂ ಗೊತ್ತಾಗುವುದಿಲ್ಲ. ಲೈಟರ್ ಕದ್ದವಳ ಹಾಡು ಬರೆದ ಅದೇ ಕೈ ಇದು, ವಯಸ್ಸು ಹತ್ತು ವರ್ಷ ಹೆಚ್ಚಾಗಿದೆ ಅಷ್ಟೇ.

2021ರಲ್ಲಿ ಫೇರ್ ಮತ್ತೆ ಬ್ರಾಡ್ ವುಡ್ ಜೊತೆ ‘ಸೋಬರಿಷ್’ ತಂದಾಗ ಹಳೆಯ ಫೇರ್ ಮರಳಿದರೆಂದು ಬಹುತೇಕರು ಬೆನ್ನು ತಟ್ಟಿದರು. ಅದು ಸಾಧಾರಣಕ್ಕಿಂತ ತುಸು ಮೇಲಿನ ಆಲ್ಬಮ್. ಹಿಂದೆ ಕೊಟ್ಟ ಏಟಿನ ಪಶ್ಚಾತ್ತಾಪವೂ ಆ ಹೊಗಳಿಕೆಯಲ್ಲಿ ಸೇರಿತ್ತೆಂಬ ಗುಮಾನಿ ನನ್ನದು. 2003ರ ಆಲ್ಬಮ್ಮಿಗೆ ಆರು ಅಂಕ ಹೆಚ್ಚುಕಡಿಮೆ ಸರಿಯೇ. ಆದರೆ ಅದರ ಹದಿನಾಲ್ಕು ಹಾಡುಗಳಲ್ಲಿ ಯಾವುದಕ್ಕೆ ಎಷ್ಟು ಎಂದು ಸೊನ್ನೆ ಹೇಳಲಿಲ್ಲ, ಆರೂ ಹೇಳುವುದಿಲ್ಲ. ಎರಡನ್ನೂ ಪಕ್ಕಕ್ಕಿಟ್ಟು ‘ಡಿವೋರ್ಸ್ ಸಾಂಗ್’, ‘ಲಿಟ್ಲ್ ಡಿಗರ್’ ಒಂದರ ಹಿಂದೊಂದು ಕೇಳಿ.