ಮಹಾಂತ ಜೋಳಿಗೆ ಮತ್ತು ಬೀಡಿ ಕಟ್ಟು

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿಗಿಳಿದರು. ಜೋಳಿಗೆಗೆ ಜೋಳ, ಕಾಣಿಕೆ ಹಾಕಿ ರೂಢಿಯಿದ್ದ ಜನರೆದುರು ನಿಂತು ಅವರು ಬೇಡಿದ್ದು ಚಟಗಳನ್ನು. ಕುಡಿತ, ಬೀಡಿ, ಸಿಗರೇಟು, ತಂಬಾಕು, ಯಾವುದು ನಿಮ್ಮನ್ನು ತಿನ್ನುತ್ತಿದೆಯೋ ಅದನ್ನೇ ಭಿಕ್ಷೆಯಾಗಿ ಹಾಕಿ ಎಂಬುದು ಅವರ ಕೋರಿಕೆಯಾಗಿತ್ತು. ಮಹಾಂತ ಜೋಳಿಗೆ ಎಂದು ಹೆಸರಾದ ಈ ಕೆಲಸವನ್ನು ಅವರು ನಾಲ್ಕು ದಶಕ ಊರೂರು ಅಲೆದು ನಡೆಸಿದರು. 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಗೌರವಿಸಿ ಸುಮ್ಮನಾಗುವುದಕ್ಕಿಂತ ಇಂಥ ಪದ್ಧತಿಯನ್ನು ಹತ್ತಿರದಿಂದ ತೂಗಿ ನೋಡುವುದೇ ಅದಕ್ಕೆ ಸಲ್ಲುವ ಮರ್ಯಾದೆ. ಬೀಡಿ, ಸಿಗರೇಟಿನ ಮಟ್ಟಿಗೆ ಜೋಳಿಗೆ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ?

ಅದರ ದೊಡ್ಡ ಗುಣ ವಿನಯ. ಚಟದವನನ್ನು ಬೈದು ತಿದ್ದುವ ರೂಢಿ ನಮ್ಮಲ್ಲಿ ಹಳೆಯದು. ಮನೆಯಲ್ಲಿ ಹೆಂಡತಿ ಬೈಯುತ್ತಾಳೆ, ದವಾಖಾನೆಯಲ್ಲಿ ಡಾಕ್ಟರು ಬೈಯುತ್ತಾರೆ, ಬೈಸಿಕೊಂಡವನು ಹೊರಗೆ ಬಂದು ಇನ್ನೊಂದು ಹಚ್ಚುತ್ತಾನೆ. ಜೋಳಿಗೆ ಹಿಡಿದು ಬಂದ ಗುರು ಅಂಥವನ ಮುಂದೆ ಕೈಯೊಡ್ಡಿ ನಿಂತರು. ಕಿಸೆಯಿಂದ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತೆಗೆದು ಜೋಳಿಗೆಗೆ ಹಾಕುವಾಗ ಅವನು ಕೊಡುವವನಾದ. ಬಸವಣ್ಣನವರ ಕೂಡಲಸಂಗಮ ಇರುವುದು ಪಕ್ಕದ ಹುನಗುಂದ ತಾಲ್ಲೂಕಿನಲ್ಲೇ. ದಾಸೋಹವೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲದ ಈ ಸೀಮೆಯಲ್ಲಿ ಕೊಟ್ಟದ್ದನ್ನು ಮರಳಿ ಕೇಳುವುದು ಹಗುರವಾದ ಮಾತಲ್ಲ. ಊರ ಸಾಕ್ಷಿಯಲ್ಲಿ ಮಾತು ಕೊಟ್ಟವನು ಅದೇ ಊರ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚಲು ಹಿಂಜರಿಯುತ್ತಾನೆ. ಪೊಟ್ಟಣದ ಶೇ 85ರಷ್ಟು ಜಾಗ ತುಂಬಿದ ಎಚ್ಚರಿಕೆಯ ಚಿತ್ರ 2016ರಿಂದ ಇದೆ, ಆದರೆ ಒಂದೊಂದೇ ಸಿಗರೇಟು ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಜೋಳಿಗೆ ಮಾತ್ರ ಅವನ ಬಾಗಿಲಿಗೇ ಬಂದು ನಿಂತಿತು. ವ್ಯಸನದ ವಿರುದ್ಧ ಇದಕ್ಕಿಂತ ನಮ್ಮದೆನಿಸುವ ಇನ್ನೊಂದು ಉಪಾಯ ಕನ್ನಡ ನಾಡಿನಲ್ಲಿ ಹುಟ್ಟಿದೆ ಎಂದು ನನಗನ್ನಿಸುವುದಿಲ್ಲ.

ಆದರೂ ಕುಡಿತದ ಪಕ್ಕದಲ್ಲಿಟ್ಟು ನೋಡಿದಾಗ ಬೀಡಿ ಸಣ್ಣದಾಗಿ ಕಾಣುತ್ತದೆ. ಕುಡಿದವನು ಬೀದಿಯಲ್ಲಿ ಬೀಳುತ್ತಾನೆ, ಮನೆಯಲ್ಲಿ ಹೊಡೆಯುತ್ತಾನೆ. ಸೇದುವವನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಾನೆ, ಪಗಾರ ತಂದು ಕೊಡುತ್ತಾನೆ. ಬೀಗತನದ ಮಾತುಕತೆಯಲ್ಲಿ ‘ಹುಡುಗ ಬಾಳ ಛಲೋ, ಒಂದೀಟು ಸಿಗರೇಟು ಸೇದತಾನ, ಬ್ಯಾರೆ ಏನೂ ಚಟ ಇಲ್ಲ’ ಎಂದರೆ ಹೆಣ್ಣಿನ ಕಡೆಯವರು ಒಪ್ಪಿಬಿಡುತ್ತಾರೆ. ಈ ಔದಾರ್ಯಕ್ಕೆ ತೆರುವ ಬೆಲೆ ಬಹಳ. ತಂಬಾಕಿನಿಂದ ಭಾರತದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಜನ ಸಾಯುತ್ತಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುವವರು, ಶೇ 8.8 ಮಂದಿ ಹೊಗೆ ಸೇದುವವರು. ಎರಡನೆಯ ಅಂಕಿ ಸಣ್ಣದೆಂದು ಸಮಾಧಾನಪಡುವ ಹಾಗಿಲ್ಲ. ಸೇದುವವರಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ, ಹಾಗಾಗಿ ಗಂಡಸರನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ನಮ್ಮ ಬಾಗಲಕೋಟೆ ಜಿಲ್ಲೆಯ ಕಸುಬುಗಳನ್ನು ಇಟ್ಟುಕೊಂಡು ನೋಡಿದರೆ ಈ ಕೇಡು ಇನ್ನೂ ಸ್ಪಷ್ಟ. ಇಳಕಲ್ ಎಂದರೆ ಸೀರೆ, ಅದರ ಜೊತೆಗೆ ಕೆಂಪು ಗ್ರಾನೈಟ್. ಕಲ್ಲು ಕೊರೆಯುವಾಗ, ಕೊಯ್ಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದೊಳಗೆ ಕೂತು ಗಾಯದ ಕಲೆ ಕಟ್ಟುತ್ತದೆ. ಅದರ ಮೇಲೆ ಹೊಗೆಯೂ ಸೇರಿದರೆ ಶ್ವಾಸನಾಳದಲ್ಲಿ ಕಸ ಗುಡಿಸಿ ಹೊರಹಾಕುವ ಸೂಕ್ಷ್ಮ ರೋಮಗಳೇ ಕೆಲಸ ನಿಲ್ಲಿಸುತ್ತವೆ, ಒಳಗೆ ಹೋದ ದೂಳು ಒಳಗೇ ಉಳಿಯುತ್ತದೆ. ಸಿಲಿಕಾ ದೂಳು ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ, ಸೇದುವವರಿಗಂತೂ ಕ್ಷಯ ಅಂಟುವ ಅಪಾಯ ಉಳಿದವರಿಗಿಂತ ಎರಡು ಪಟ್ಟು ಹೆಚ್ಚು. ಕ್ವಾರಿಯಲ್ಲಿ ಕೆಲಸದ ನಡುವೆ ದಣಿವಾರಿಸಿಕೊಳ್ಳಲು ಹಚ್ಚುವ ಬೀಡಿ ಹೀಗೆ ದುಡಿಮೆಯ ಶಕ್ತಿಯನ್ನೇ ತಿನ್ನುತ್ತದೆ. ಬೀಡಿ ಬೇಗ ಆರುತ್ತದೆ, ಆರದಿರಲೆಂದು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ನೇಕಾರರ ಮನೆಗಳದು ಬೇರೆಯದೇ ಸಂಗತಿ. ಕುಣಿಮಗ್ಗ ಇರುವ ಕೋಣೆಯಲ್ಲೇ ಬದುಕು. ಅಲ್ಲೇ ಕಂಡಿಕೆ ಸುತ್ತುವ ಹೆಂಗಸರು, ಅಲ್ಲೇ ಓದುವ, ಮಲಗುವ ಮಕ್ಕಳು. ಒಬ್ಬ ಸೇದಿದರೆ ಮನೆಯೆಲ್ಲ ಸೇದಿದ ಹಾಗೆ. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಮಕ್ಕಳಿಗೆ ಕಿವಿ ಸೋರುವುದು, ಉಬ್ಬಸ ಹೆಚ್ಚುವುದು, ಬಸುರಿಯರಿಗೆ ಕಡಿಮೆ ತೂಕದ ಕೂಸು ಹುಟ್ಟುವುದು ಇದರ ಫಲ. ಜೋಳಿಗೆಗೆ ಚಟ ಹಾಕಬೇಕಾದವನು ಗಂಡಸು. ಬಿಡಲು ಯಾವ ಚಟವೂ ಇಲ್ಲದೆ ಹೊಗೆ ಕುಡಿದ ಹೆಂಗಸು ಆ ಸಭೆಯಲ್ಲಿ ಬರೀ ಪ್ರೇಕ್ಷಕಿ. ಅವಳ ದೂರನ್ನು ಕೇಳುವ ಜಾಗವೊಂದು ಈ ಪದ್ಧತಿಯೊಳಗೆ ಇರಬೇಕು.

ಇನ್ನೂ ಮುಖ್ಯವಾದ ಕೊರತೆ ಸಂಕಲ್ಪದ ಮರುದಿನದಿಂದ ಶುರುವಾಗುತ್ತದೆ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮೈ, ಬಿಟ್ಟ ಎರಡು ಮೂರು ದಿನಕ್ಕೆ ರೊಚ್ಚಿಗೇಳುತ್ತದೆ: ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಮೂರು ನಾಲ್ಕು ವಾರ ದಾಟಿದರೆ ಅದು ತಗ್ಗುತ್ತದೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಆರು ತಿಂಗಳು, ವರ್ಷದ ಬಳಿಕವೂ ಬಿಟ್ಟವರಾಗಿ ಉಳಿಯುವವರು ಮೂರರಿಂದ ಐದು ಮಂದಿ. ಉಳಿದವರು ಸಂಕಲ್ಪಗೇಡಿಗಳಲ್ಲ, ಸಹಾಯ ಸಿಗದ ರೋಗಿಗಳು. ಆದರೆ ಊರ ಮುಂದೆ ಕೊಟ್ಟ ಮಾತು ಮುರಿದವನು ತನ್ನನ್ನು ರೋಗಿ ಎಂದು ತಿಳಿಯುವುದಿಲ್ಲ, ಮಾತಿಗೆ ತಪ್ಪಿದವನೆಂದು ತಿಳಿದು ಅಡಗಿ ಸೇದುತ್ತಾನೆ. ಮತ್ತೆ ಬಿಡಲು ಬರುವುದಕ್ಕೆ ಅವನಿಗೆ ಮುಖವಿರುವುದಿಲ್ಲ. ಜೋಳಿಗೆಯ ಬಲವಾದ ಊರ ಸಾಕ್ಷಿಯೇ ಇಲ್ಲಿ ಅವನಿಗೆ ಅಡ್ಡವಾಗಿ ನಿಲ್ಲುತ್ತದೆ. ಎರಡನೆಯ, ಮೂರನೆಯ ಬಾರಿಗೂ ಕೈಯೊಡ್ಡಿ ಕರೆಯುವ ವ್ಯವಸ್ಥೆ ಬೇಕು ಎನ್ನುವುದು ಇದೇ ಕಾರಣಕ್ಕೆ.

ಎಲ್ಲ ಭಾರವನ್ನೂ ಮಠದ ಮೇಲೆ ಹೊರಿಸುವುದು ನ್ಯಾಯವಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಇದೆ. ಸಿಗರೇಟನ್ನು ಬಿಡಿಯಾಗಿ ಮಾರಬಾರದೆಂದು ರಾಜ್ಯ ಸರ್ಕಾರ 2017ರಲ್ಲೇ ಹೇಳಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕೊಳ್ಳುವವರ ವಯಸ್ಸನ್ನು 21ಕ್ಕೆ, ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಇಷ್ಟಿದ್ದರೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟಿನ ಸುತ್ತ, ಬಾಗಲಕೋಟೆ ನವನಗರದ ಚಾದಂಗಡಿಗಳ ಮುಂದೆ ಬಿಡಿ ಸಿಗರೇಟು ಸಿಗದೆ ಯಾರೂ ವಾಪಸು ಹೋಗುವುದಿಲ್ಲ. ಕಾಲೇಜು ಹುಡುಗನಿಗೆ ಪೂರ್ತಿ ಪ್ಯಾಕಿನ ದುಡ್ಡು ಹೊಂದುವುದಿಲ್ಲ. ಚಹಾದ ಜೊತೆ ಒಂದು ಸಿಗರೇಟಿನ ದುಡ್ಡು ಹೊಂದುತ್ತದೆ. ಚಟ ಹತ್ತುವುದೇ ಅಲ್ಲಿ. ಮೇಲಾಗಿ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬಡವನು ಸೇದುವ ಸರಕನ್ನೇ ಅಗ್ಗ ಮಾಡುವ ಈ ತೀರ್ಮಾನ ತಪ್ಪು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡಿಗೆ ಬೇರೆ ದಾರಿ ತೋರಿಸುವುದು ಸರ್ಕಾರದ ಕರ್ತವ್ಯ. ಸೇದುವವರನ್ನು ಹೆಚ್ಚಿಸಿ ಅದನ್ನು ಪೂರೈಸಲಾಗದು.

ಬಿಟ್ಟವರಿಗೆ ಸಿಗುವ ಲಾಭವನ್ನು ಜೋಳಿಗೆಯ ಸಭೆಗಳಲ್ಲಿ ಗಟ್ಟಿಯಾಗಿ ಹೇಳಬೇಕು. ನಲವತ್ತರ ವಯಸ್ಸಿನಲ್ಲಿ ಬಿಟ್ಟವನು, ಸೇದುತ್ತಲೇ ಇದ್ದರೆ ಕಳೆದುಕೊಳ್ಳುತ್ತಿದ್ದ ಸುಮಾರು ಹತ್ತು ವರ್ಷದ ಆಯುಷ್ಯದಲ್ಲಿ ಒಂಬತ್ತನ್ನು ಮರಳಿ ಪಡೆಯುತ್ತಾನೆ. ಒಂದೇ ವರ್ಷದಲ್ಲಿ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ. ದಿನಕ್ಕೆ 50 ರೂಪಾಯಿ ಸುಡುವವನಿಗೆ ವರ್ಷಕ್ಕೆ 18,250 ರೂಪಾಯಿ ಉಳಿಯುತ್ತದೆ.

ಮಠಕ್ಕೆ, ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಒಂದೇ. ಮುಂದಿನ ಆಗಸ್ಟ್ 1ರಂದು ಇಳಕಲ್ಲಿನಲ್ಲಿ, ಹುನಗುಂದದಲ್ಲಿ ಪ್ರತಿಜ್ಞೆ ಮಾಡಿದವರ ಹೆಸರು, ಮೊಬೈಲ್ ನಂಬರು ಬರೆದುಕೊಳ್ಳಿ. ಜೋಳಿಗೆಯ ಪಕ್ಕದಲ್ಲಿ ಆಪ್ತ ಸಮಾಲೋಚಕರೊಬ್ಬರನ್ನು ಕೂರಿಸಿ. ಮೊದಲ ತಿಂಗಳು ವಾರವಾರವೂ ಅವರಿಂದ ಫೋನು ಹೋಗಲಿ. ನಿಕೋಟಿನ್ ಚೂಯಿಂಗ್ ಗಮ್ ಬೇಕಾದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಇಂದೇ ಬಿಡಬೇಕೆಂದಿರುವವರು ಅಲ್ಲಿಯವರೆಗೆ ಕಾಯಬೇಡಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356, ಕರೆ ಉಚಿತ.