ಅಳತೆ ಬಲ್ಲ ಕೈ

ರಾಮನಗರದ ರಾಮದೇವರಬೆಟ್ಟಕ್ಕೆ ಬರುವವರು ಇಂದಿಗೂ ಕೇಳುವುದು ಹಿಂದಿ ಚಿತ್ರ ‘ಶೋಲೆ’ಯ ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದೆಂದು. ರಹೀಮ್ ಚಾಚಾ ನಿಂತದ್ದೆಲ್ಲಿ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ನನಗೆ ಮಾತ್ರ ಆ ಬೆಟ್ಟ ಕಂಡಾಗಲೆಲ್ಲ ನೆನಪಾಗುವುದು ಆ ಕುರುಡು ಮುದುಕನೇ.

1973ರ ಅಕ್ಟೋಬರ್‌ನಲ್ಲಿ ಇಲ್ಲಿ ‘ಶೋಲೆ’ಯ ಚಿತ್ರೀಕರಣ ಶುರುವಾಯಿತು. ಬೆಟ್ಟದ ಬುಡದಲ್ಲಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ರಾಮ್‌ಗಢವೆಂಬ ಊರನ್ನೇ ಎಬ್ಬಿಸಿದರು. ಆ ಊರಿನ ಇಮಾಮ ರಹೀಮ್ ಚಾಚಾ ಆದವರು ನಟ ಎ.ಕೆ. ಹಂಗಲ್. ಹೆಸರು ಕೇಳಿ ನಮ್ಮ ಹಾನಗಲ್ಲಿನವರಿರಬೇಕು ಎನಿಸೀತು; ಅಲ್ಲ. ಕಾಶ್ಮೀರಿ ಪಂಡಿತರ ಮನೆತನ, ಹುಟ್ಟಿದ್ದು ಸಿಯಾಲ್‌ಕೋಟ್‌ನಲ್ಲಿ, ಬೆಳೆದದ್ದು ಪೇಶಾವರದಲ್ಲಿ. ಕಸುಬು ದರ್ಜಿಯದು, ನಂಬಿದ್ದು ಕಮ್ಯುನಿಸ್ಟ್ ಪಕ್ಷವನ್ನು. ಕರಾಚಿಯಲ್ಲಿ ಜೈಲು ಕಂಡು, ದೇಶವಿಭಜನೆಯ ಬಳಿಕ 1949ರಲ್ಲಿ ಮುಂಬಯಿಗೆ ಬಂದರು. ಎಡಪಂಥೀಯ ನಾಟಕ ಸಂಘಟನೆ ಇಪ್ಟಾದ ರಂಗಭೂಮಿಯಲ್ಲಿ ಪಳಗಿ, ‘ತೀಸ್ರೀ ಕಸಮ್’ (1966) ಮೂಲಕ ಸಿನಿಮಾಕ್ಕೆ ಕಾಲಿಟ್ಟಾಗ ವಯಸ್ಸು ಐವತ್ತರ ಆಸುಪಾಸು.

ಎರಡನೇ ಮಹಾಯುದ್ಧದ ಕಾಲದ ಹಾಲಿವುಡ್‌ನಲ್ಲೂ ಹೀಗೆ ಊರು ಬಿಟ್ಟು ಬಂದ ನಿರಾಶ್ರಿತ ನಟರಿದ್ದರು. 1933ರಲ್ಲಿ ಜರ್ಮನಿ ಬಿಟ್ಟುಹೋದ ಕಾನ್ರಾಡ್ ಫೈಟ್ ‘ಕಾಸಾಬ್ಲಾಂಕಾ’ದಲ್ಲಿ (1942) ನಾಜಿ ಮೇಜರ್ ಆದರು, ತಮ್ಮನ್ನು ಊರು ಬಿಡಿಸಿದವರ ವೇಷವನ್ನೇ ತೊಟ್ಟರು. ನಮ್ಮ ನಿರಾಶ್ರಿತ ನಟರ ಪಾಡು ಬೇರೆ. ಹಿಂದಿ ಸಿನಿಮಾ ವಿಭಜನೆಯ ಬಗ್ಗೆ ಬಹುಕಾಲ ಬಾಯಿ ಬಿಡಲಿಲ್ಲ, ಕಳೆದುಕೊಂಡದ್ದನ್ನು ನಟರು ಬೇರೆ ಬೇರೆ ಪಾತ್ರಗಳ ಒಳಗೇ ಅಡಗಿಸಿಕೊಳ್ಳಬೇಕಾಯಿತು. ಆ ಮೌನವನ್ನು ನೇರವಾಗಿ ಕೆದಕಿದವರಲ್ಲಿ ಮುಖ್ಯರು ಮೈಸೂರಿನ ಎಂ.ಎಸ್. ಸತ್ಯು. ಅವರ ‘ಗರ್ಮ್ ಹವಾ’ದಲ್ಲಿ ಹಂಗಲ್ ನಿರಾಶ್ರಿತರೇ: ಕರಾಚಿಯಿಂದ ಬಂದು, ಆಗ್ರಾದ ಮುಸ್ಲಿಂ ಕುಟುಂಬವೊಂದರ ಹವೇಲಿಯನ್ನು ಕೊಳ್ಳುವ ಸಿಂಧಿ ವ್ಯಾಪಾರಿ ಅಜ್ಮಾನಿ. ಇನ್ನೊಬ್ಬರ ಮನೆ ತನ್ನದಾಗುತ್ತಿದೆ ಎಂಬ ಮುಜುಗರ, ತನ್ನ ಮನೆಯೂ ಹೀಗೇ ಯಾರದೋ ಪಾಲಾಯಿತು ಎಂಬ ನೋವು, ಎರಡೂ ಆ ಮುಖದಲ್ಲಿವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಾಮನಗರದಲ್ಲಿ ಅವರು ಮುಸ್ಲಿಂ ತಂದೆಯಾದರು.

‘ಶೋಲೆ’ಯಲ್ಲಿ ಮಗ ಅಹ್ಮದನ ಹೆಣ ಕುದುರೆಯ ಮೇಲೆ ಬರುತ್ತದೆ. ಊರು ಉಸಿರೆತ್ತುವುದಿಲ್ಲ. ಮುದುಕ ಯಾಕಿಷ್ಟು ಮೌನ ಎಂದು ಕೇಳುತ್ತಾನೆ. ಕುರುಡನ ಪಾತ್ರವಾದ್ದರಿಂದ ನಟನಿಗೆ ಕಣ್ಣಿನ ಆಸರೆಯಿಲ್ಲ. ಉಳಿದದ್ದು ದನಿ ಮತ್ತು ಕೈ. ಆ ಕೈ ಮಗನ ಮೈ ತಡವುವಾಗ ನನಗೆ ಕಾಣುವುದು ವರ್ಷಗಟ್ಟಲೆ ಜನರ ಹೆಗಲು, ಎದೆ, ತೋಳು ಅಳೆದ ದರ್ಜಿಯ ಕೈ. ಬೆರಳಿಗೆ ಮೊದಲೇ ಗೊತ್ತಾಗಿ, ಮನಸ್ಸಿಗೆ ಆಮೇಲೆ ಮುಟ್ಟುತ್ತದೆ. ಮುಂದೆ ಬರುವ ಹುತಾತ್ಮತೆಯ ಮಾತು ಸಲೀಮ್–ಜಾವೇದ್ ಬರೆದ ಭಾಷಣ. ಚಪ್ಪಾಳೆ ಗಿಟ್ಟಿಸಲೆಂದೇ ಬರೆದದ್ದು. ಹಂಗಲ್ ಅದನ್ನು ಗಂಟಲಲ್ಲೇ ತಗ್ಗಿಸಿ ಮನುಷ್ಯರ ಮಾತಾಗಿಸಿದರು. ಇಪ್ಟಾದ ಶಾಲೆ ಕಲಿಸಿದ್ದು ಇದನ್ನೇ: ಪಾತ್ರವನ್ನು ಬೀದಿಯಿಂದ ತರಬೇಕು, ಅದನ್ನು ಎತ್ತರದಲ್ಲಿ ಕೂರಿಸಬಾರದು.

ಆ ಶಾಲೆಗೊಂದು ಕೊರತೆಯೂ ಇತ್ತು. ಬಡವ ಯಾವಾಗಲೂ ಒಳ್ಳೆಯವನೇ ಎಂಬ ಅದರ ನಂಬಿಕೆಯನ್ನು ವ್ಯಾಪಾರಿ ಸಿನಿಮಾ ಹಿಡಿದುಕೊಂಡಿತು. ಹಂಗಲ್‌ಗೆ ಸಿಕ್ಕಿದ್ದು ಸಾಲಾಗಿ ಬಡ ಮೇಷ್ಟ್ರು, ಅಸಹಾಯಕ ತಂದೆ, ನಂಬಿಗಸ್ತ ಆಳು. ‘ನಾಗರಹಾವು’ (1972) ಚಿತ್ರದ ನಮ್ಮ ಕೆ.ಎಸ್. ಅಶ್ವಥ್ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಅವರ ಚಾಮಯ್ಯ ಮೇಷ್ಟ್ರು ಒಳ್ಳೆಯವರು, ಆದರೆ ಶಿಷ್ಯನ ಬಾಳು ಹಾಳಾಗುವುದರಲ್ಲಿ ಅವರ ಪಾಲೂ ಇದೆ. ಕನ್ನಡ ಸಿನಿಮಾ ಆ ಹಿರಿಯನಿಗೆ ತಪ್ಪು ಮಾಡುವ ಹಕ್ಕು ಕೊಟ್ಟಿತು. ಹಿಂದಿ ಸಿನಿಮಾ ಹಂಗಲ್‌ಗೆ ಅದನ್ನು ಕೊಟ್ಟದ್ದು ಅಪರೂಪ. ಕೊಟ್ಟಾಗ, ‘ಶೌಕೀನ್’ನ (1982) ಚಪಲದ ಮುದುಕನಾಗಿ, ಅವರು ಅಶೋಕ್ ಕುಮಾರ್, ಉತ್ಪಲ್ ದತ್ತರಿಗೆ ಸಮನಾಗಿ ನಿಂತರು.

1993ರಲ್ಲಿ ಹಂಗಲ್ ಮುಂಬಯಿಯ ಪಾಕಿಸ್ತಾನಿ ದೂತಾವಾಸದ ಸಮಾರಂಭಕ್ಕೆ ಹೋಗಿಬಂದರೆಂದು ಬಹಿಷ್ಕಾರ ಎದ್ದಿತು. ಅವಕಾಶಗಳು ನಿಂತವು, ನಟಿಸಿದ್ದ ದೃಶ್ಯಗಳಿಗೂ ಕತ್ತರಿ ಬಿತ್ತು. ಆಗ ಅವರಿಗೆ ಎಂಬತ್ತರ ಹತ್ತಿರ. ಅವರು ಕೇಳಿದ್ದದ್ದು ಹುಟ್ಟೂರು ನೋಡಿಬರಲು ಒಂದು ವೀಸಾ.