ಲಿನಕ್ಸ್ ಗಣಕದಲ್ಲಿ ಸ್ಥಿರ ಐಪಿ: ಪದ್ಧತಿಯೊಂದರ ವಿಮರ್ಶೆ

ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಐಪಿ ವಿಳಾಸವೆಂಬ ಸಂಖ್ಯಾರೂಪದ ಗುರುತು ಬೇಕಾಗಿದ್ದು, ಸಾಮಾನ್ಯವಾಗಿ ರೂಟರ್ ಅದನ್ನು ನಿಗದಿತ ಅವಧಿಗೆ ತಾನಾಗಿಯೇ ಹಂಚುತ್ತದೆ. 1990ರ ದಶಕದಲ್ಲಿ ರೂಪುಗೊಂಡ ಈ ಏರ್ಪಾಟಿಗೆ ಡಿಎಚ್‌ಸಿಪಿ ಎಂದು ಹೆಸರು. ಇದನ್ನು ಬದಿಗಿಟ್ಟು ವಿಳಾಸವನ್ನು ಯಂತ್ರದೊಳಗೇ ಬರೆದು ಕಾಯಂಗೊಳಿಸುವುದು ಸ್ಥಿರ ಐಪಿ ಪದ್ಧತಿ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಲ್ಲವರಲ್ಲಿ ಈ ಪದ್ಧತಿಗೆ ಇರುವ ಮರ್ಯಾದೆ ಅದರ ಉಪಯೋಗಕ್ಕಿಂತ ಹೆಚ್ಚಿನದು ಎಂಬುದು, ಗುಂಡ್ಲುಪೇಟೆಯಂತಹ ತಾಲ್ಲೂಕು ಕೇಂದ್ರದ ಶಾಲೆಯನ್ನೋ ಸಣ್ಣ ಕಚೇರಿಯನ್ನೋ ಮುಂದಿಟ್ಟುಕೊಂಡು ನೋಡಿದಾಗ ಸ್ಪಷ್ಟವಾಗುತ್ತದೆ.

ಲಿನಕ್ಸ್ ಈ ಸೀಮೆಗೆ ದೂರದ ಮಾತಲ್ಲ. ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ಕರ್ನಾಟಕದಲ್ಲಿಯೂ ಟಾಲ್ಪ್ ಎಂದು ಪರಿಚಿತವಾದ ಕಾರ್ಯಕ್ರಮದ ಶಿಕ್ಷಕರ ತರಬೇತಿಯಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿಗೆ ಜಾಗವಿತ್ತು. ಇಂತಹ ಶಾಲೆಯ ಗಣಕ ಲ್ಯಾಬಿನಲ್ಲಿ ಪ್ರಿಂಟರ್ ಮತ್ತು ಪಾಠದ ಕಡತಗಳನ್ನಿಟ್ಟ ಸರ್ವರ್, ಇವೆರಡನ್ನು ಮಾತ್ರ ಉಳಿದ ಯಂತ್ರಗಳು ಹುಡುಕಿಕೊಂಡು ಬರುತ್ತವೆ. ಕರೆಂಟು ಹೋಗಿ ಬಂದಾಗ ಅಗ್ಗದ ಹಲವು ರೂಟರ್‌ಗಳು ತಾವು ಹಂಚಿದ್ದರ ಲೆಕ್ಕವನ್ನೇ ಕಳೆದುಕೊಳ್ಳುವುದರಿಂದ ಸರ್ವರಿನ ವಿಳಾಸ ಬೇರೆಯಾಗಿ, ಇಡೀ ಲ್ಯಾಬು ಅದನ್ನು ಕಾಣದೆ ಹೋಗಬಹುದು. ಅಲ್ಲಿ ಸ್ಥಿರ ವಿಳಾಸ ನ್ಯಾಯವಾದದ್ದು. ವಿದ್ಯಾರ್ಥಿಗಳು ಕೂರುವ ಯಂತ್ರಗಳನ್ನಾದರೋ ಯಾರೂ ಹುಡುಕುವುದಿಲ್ಲ. ಅವಕ್ಕೂ ಒಂದೊಂದಾಗಿ ವಿಳಾಸ ಬರೆಯುವ ಉತ್ಸಾಹವು ಶಿಸ್ತಿನಂತೆ ಕಂಡರೂ ತೊಂದರೆಯನ್ನೇ ಬೆಳೆಸುತ್ತದೆ: ರೂಟರ್ ವಿಳಾಸದ ಕೊನೆಯ ಭಾಗವಾಗಿ 100ರಿಂದ 200ರವರೆಗಿನ ಸಂಖ್ಯೆಗಳನ್ನು ಹಂಚುತ್ತಿರುವಾಗ ಯಂತ್ರವೊಂದಕ್ಕೆ 192.168.1.120 ಎಂದು ಬರೆದರೆ, ಅದು ಆರಿರುವ ಹೊತ್ತಿನಲ್ಲಿ ಅದೇ ಸಂಖ್ಯೆ ಯಾರದೋ ಮೊಬೈಲಿಗೆ ಹೋಗಿ, ಮರುದಿನ ಎರಡೂ ಒಂದೇ ವಿಳಾಸಕ್ಕೆ ಜಗಳಕ್ಕೆ ನಿಲ್ಲುತ್ತವೆ.

ವಿಳಾಸ ಬರೆಯುವ ಕ್ರಮದಲ್ಲಿ ಲಿನಕ್ಸ್ ಸ್ವತಃ ಸ್ಥಿರವಾಗಿಲ್ಲ. ಉಬುಂಟುವೂ ಸೇರಿದ ಡೆಬಿಯನ್ ಎಂಬ ಲಿನಕ್ಸ್ ಪರಂಪರೆಯಲ್ಲಿ ಇದಕ್ಕೆ ಇಂಟರ್‌ಫೇಸಸ್ ಎಂಬ ಕಡತವಿತ್ತು. ಉಬುಂಟು 2017ರ 17.10 ಆವೃತ್ತಿಯಿಂದ ನೆಟ್‌ಪ್ಲಾನ್ ಎಂಬ ಹೊಸ ವ್ಯವಸ್ಥೆಗೆ ಹೊರಳಿತು; ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ರೂಪದಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ಮತ್ತೊಂದು ಸಾಧನದ್ದೇ ಕಾರುಬಾರು. ಹಳೆಯ ಟಿಪ್ಪಣಿಯನ್ನು ನೋಡಿಕೊಂಡು ಹೊಸ ಯಂತ್ರಕ್ಕೆ ಬರೆಯಹೊರಟವರು ದಿಕ್ಕು ತಪ್ಪುವುದಕ್ಕೆ ಅವರ ಅಜ್ಞಾನ ಕಾರಣವಲ್ಲ. ನೆಟ್‌ಪ್ಲಾನ್ ಕಡತದ ಯಾಮಲ್ ಎಂಬ ಬರವಣಿಗೆಯ ಕ್ರಮದಲ್ಲಿ ಸಾಲುಗಳ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದ್ದು, ಅಲ್ಲಿ ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಇಡೀ ಕಡತ ತಿರಸ್ಕೃತವಾಗುವುದು ಹೊಸಬರ ಮಟ್ಟಿಗೆ ಅನಗತ್ಯವಾದ ಕಾಠಿಣ್ಯ. ಟರ್ಮಿನಲ್‌ನಲ್ಲಿ ಐಪಿ ಆಜ್ಞೆಯಿಂದ ಕೊಟ್ಟ ವಿಳಾಸವಂತೂ ಯಂತ್ರ ಮರುಚಾಲನೆಯಾದೊಡನೆ ಅಳಿಸಿಹೋಗುತ್ತದೆ. ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ಬರೆಯಲು ಮರೆತರೆ, ಜಾಲ ಸರಿಯಿದ್ದೂ ಒಂದು ಜಾಲತಾಣವೂ ತೆರೆಯದ ವಿಚಿತ್ರ ಸ್ಥಿತಿ ಉಂಟಾಗುತ್ತದೆ.

ಇಷ್ಟಾದರೂ ನೆಟ್‌ಪ್ಲಾನ್‌ನ ಒಂದು ಗುಣವನ್ನು ಮೆಚ್ಚಲೇಬೇಕು. ಅದರ ಟ್ರೈ ಆಜ್ಞೆ ಹೊಸ ವಿಳಾಸವನ್ನು ತಾತ್ಕಾಲಿಕವಾಗಿ ಜಾರಿಗೆ ತಂದು, 120 ಸೆಕೆಂಡುಗಳೊಳಗೆ ಬಳಕೆದಾರರು ಒಪ್ಪಿಗೆ ಸೂಚಿಸದಿದ್ದರೆ ಹಳೆಯ ಸ್ಥಿತಿಗೆ ಮರಳುತ್ತದೆ. ಮೈಸೂರಿನಲ್ಲಿ ಕುಳಿತು ಗುಂಡ್ಲುಪೇಟೆಯ ಯಂತ್ರವನ್ನು ಸರಿಪಡಿಸುವವರು ತಪ್ಪು ಸಂಖ್ಯೆ ಬರೆದು ಸಂಪರ್ಕವನ್ನೇ ಕಡಿದುಕೊಂಡರೂ ಬಸ್ಸು ಹತ್ತಿ ಬರಬೇಕಾಗಿಲ್ಲ.

ರೂಟರಿನಲ್ಲಿಯೇ ಯಂತ್ರದ ಮ್ಯಾಕ್ ವಿಳಾಸವನ್ನು, ಎಂದರೆ ಜಾಲಯಂತ್ರಾಂಶದ ಹುಟ್ಟುಗುರುತನ್ನು ನಮೂದಿಸಿ ಒಂದು ಐಪಿಯನ್ನು ಕಾದಿರಿಸುವುದು ಯಂತ್ರದೊಳಗೆ ವಿಳಾಸ ಬರೆಯುವುದಕ್ಕಿಂತ ಹಗುರವಾದ ದಾರಿ. ಎಲ್ಲ ವಿಳಾಸಗಳೂ ಒಂದೇ ಕಡೆ ಓದಲು ಸಿಗುವುದು ಅದರ ದೊಡ್ಡ ಅನುಕೂಲ. ಆದರೆ ಇಂಟರ್‌ನೆಟ್ ಕೊಡುವವರು ರೂಟರನ್ನು ಬದಲಿಸಿದ ದಿನ ಆ ಪಟ್ಟಿ ಹಳೆಯ ಪೆಟ್ಟಿಗೆಯೊಡನೆ ಹೊರಟುಹೋಗುತ್ತದೆ, ಹೊಸದು 192.168.0 ಎಂಬ ಬೇರೆ ಸರಣಿಯಲ್ಲಿ ವಿಳಾಸ ಹಂಚತೊಡಗಿದರೆ ಯಂತ್ರದೊಳಗೆ ಬರೆದಿಟ್ಟ ಸ್ಥಿರ ವಿಳಾಸವೂ ನಿರುಪಯೋಗಿಯಾಗುತ್ತದೆ. ಹಾಗಾಗಿ ಸ್ಥಿರ ವಿಳಾಸವನ್ನು ಸರ್ವರ್ ಮತ್ತು ಪ್ರಿಂಟರ್‌ಗಳಿಗೆ ಸೀಮಿತಗೊಳಿಸಿ, ಆ ಸಂಖ್ಯೆಗಳ ಜೊತೆಗೆ ಗೇಟ್‌ವೇ, ಎಂದರೆ ಹೊರಜಾಲಕ್ಕೆ ದಾರಿಯಾದ ರೂಟರಿನ ವಿಳಾಸವನ್ನೂ ಲ್ಯಾಬಿನ ರಿಜಿಸ್ಟರಿನಲ್ಲಿ ಬರೆದಿಡುವುದೇ ಸರಿ. ರೂಟರ್ ಬದಲಾದಾಗ ಮೂವತ್ತು ಯಂತ್ರಗಳ ಬದಲು ಎರಡನ್ನಷ್ಟೇ ತಿದ್ದಬೇಕಾಗುತ್ತದೆ.